ಡೋಣಿ ಎರಿಮಣ್ಣಿನ ಕೋಟೆ ಬಸ್ಸು ಹತ್ತಿದ್ದು

ತಿಕೋಟಾದ ಸಿದ್ದಲಿಂಗೇಶ ಮಾಸ್ತರರು ಇಪ್ಪತ್ತಾರು ವರ್ಷ ಬೆಳಗಿನ ಬಸ್ಸಿನಲ್ಲಿ ಕೂತವರಲ್ಲ. ಹರಕೆ ಹೊತ್ತಿದ್ದರು ಅಂತಲ್ಲ, ಸೀಟು ಸಿಗಲಿಲ್ಲ, ಅಷ್ಟೇ. ಮನೆ ತಿಕೋಟಾದಲ್ಲಿ, ಕಲಿಸುವ ಸಾಲೆ ವಿಜಯಪುರದ ಅಂಚಿನಲ್ಲಿ. ಬೆಳಗಿನ ಬಸ್ಸು ಬಬಲೇಶ್ವರದಲ್ಲಿ ಹುಟ್ಟಿ, ತಿಕೋಟಾ ಮುಟ್ಟುವಷ್ಟರಲ್ಲಿ ಗಬ್ಬದ ಎಮ್ಮೆಯ ಹಾಗೆ ಒಂದು ಮಗ್ಗಲಿಗೆ ವಾಲಿಕೊಂಡು ಬರುತ್ತಿತ್ತು. ಮಾಸ್ತರರು ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಮೇಲಿನ ಸರಳು ಹಿಡಿದು ನಿಲ್ಲುವರು. ಹಾಗೆ ಹಿಡಿದೂ ಹಿಡಿದೂ ಅವರ ಬಲಗೈ ಎಡಗೈಗಿಂತ ಎರಡು ಬೆರಳು ಉದ್ದವಾಗಿದೆ ಎಂದು ಹೆಂಡತಿ ಗುರುಬಸವ್ವ ಅಂಗಿ ಹೊಲಿಸುವಾಗಲೆಲ್ಲ ದರ್ಜಿಗೆ ಹೇಳುತ್ತಿದ್ದಳು. ದರ್ಜಿ ಅಳೆದು ನೋಡಿ, ಹೌದು ಅಂದಿದ್ದನಂತೆ.

ಅವರು ಕಲಿಸುತ್ತಿದ್ದದ್ದು ಇತಿಹಾಸ ಮತ್ತು ಭೂಗೋಳ. ಪುಸ್ತಕ ಎರಡು, ಪಾಠ ಮಾತ್ರ ಒಂದೇ. ರಾಜ ಗೆಲ್ಲುವುದಿಲ್ಲ, ರಾಜ ಸೋಲುವುದಿಲ್ಲ, ಗೆಲ್ಲುವುದೂ ಸೋಲುವುದೂ ನೆಲ. ಇದು ಅವರ ಸಿದ್ಧಾಂತ. ಉತ್ತರದ ಹರ್ಷವರ್ಧನನನ್ನು ನಮ್ಮ ಪುಲಕೇಶಿ ತಡೆದ ಅಂತ ಮಕ್ಕಳು ಬರೆದರೆ ಅರ್ಧ ಅಂಕ ಕೊಡುವರು. ಪುಲಕೇಶಿ ನರ್ಮದೆಯ ಈಚೆ ದಂಡೆಯಲ್ಲಿ ನಿಂತು ತಡೆದ ಅಂತ ಬರೆದರೆ ಪೂರ್ತಿ ಅಂಕ. ಚಾಲುಕ್ಯರು ಬಾದಾಮಿಯ ಬಂಡೆಗೆ ಬೆನ್ನು ಹಚ್ಚಿ ಕೂತರು, ಅದಕ್ಕೇ ಬಾಳಿದರು. ರಾಷ್ಟ್ರಕೂಟರು ಬಯಲಿನ ನಡುವೆ ಮಾನ್ಯಖೇಟ ಕಟ್ಟಿಕೊಂಡರು, ಮಾಳವದ ದಂಡು ಬಂದು ಅದನ್ನು ಸೂರೆಮಾಡಿ ಹೋಯಿತು. ಎಲ್ಲಿ ಕೂಡಬೇಕು ಅನ್ನುವುದು ಗೊತ್ತಿದ್ದವನೇ ಚಕ್ರವರ್ತಿ.

ಇಷ್ಟು ಗೊತ್ತಿದ್ದವರಿಗೆ ತಮಗೆ ಕೂಡಲು ಜಾಗವಿಲ್ಲ ಅನ್ನುವುದು ಮನಸ್ಸಿಗೆ ಹತ್ತಿತ್ತು. ನಿಂತು ನಿಂತೇ ಅವರು ಬಸ್ಸಿನ ನಕಾಶೆ ಬರೆದಿದ್ದರು. ಬಾಗಿಲು ಅಂದರೆ ನರ್ಮದೆ, ಅದನ್ನು ದಾಟುವುದೇ ಕಷ್ಟ. ನಡುವಿನ ಸೀಟುಗಳೆಲ್ಲ ಮಾನ್ಯಖೇಟ, ನಾಲ್ಕೂ ಕಡೆಯಿಂದ ಮೊಣಕೈ ಬೀಳುತ್ತದೆ. ಡ್ರೈವರನ ಬೆನ್ನಿಗಿರುವ ಮೊದಲನೇ ಸೀಟು ಬಾದಾಮಿ. ಮುಂದೆ ಕಬ್ಬಿಣದ ತಡಿಕೆ, ಬಲಕ್ಕೆ ಕಿಡಕಿ, ಯಾರೂ ಮೇಲೆ ಬಂದು ಬೀಳುವಂತಿಲ್ಲ.

ಆ ಬಾದಾಮಿಯನ್ನು ಇಪ್ಪತ್ತಾರು ವರ್ಷದಿಂದ ಆಳುತ್ತಿದ್ದವಳು ಬಬಲೇಶ್ವರದ ದುಂಡವ್ವ. ಮೊಸರು ಮಾರುವವಳು. ಕಾಲ ಬುಡದಲ್ಲಿ ನಾಲ್ಕು ಗಡಿಗೆ, ಮಗ್ಗುಲಲ್ಲಿ ಬುಟ್ಟಿ, ನಡುವೆ ತಾನು. ಒಂದು ದಿನ ತಪ್ಪಿದ್ದಿಲ್ಲ. ಆಕೆ ಬಸ್ಸು ಹುಟ್ಟುವ ಊರಿನವಳು, ಅಂದರೆ ಹೊಳೆಯ ಮೇಲ್ದಂಡೆಯಲ್ಲಿದ್ದಾಳೆ, ನಾನು ಕೆಳಗಿದ್ದೇನೆ, ನನಗೆ ನೀರು ಮುಟ್ಟುವುದು ಹೇಗೆ ಎಂದು ಮಾಸ್ತರರು ಕಂಡಕ್ಟರ್ ಸಂಗನಬಸವನಿಗೆ ತಿಳಿಸಿ ಹೇಳಿದ್ದರು. ಅವನು ಎಲ್ಲ ಕೇಳಿಕೊಂಡು, ಮುಂದಕ್ಕೆ ಸರಿಯಿರಿ ಅಂದಿದ್ದ.

ನಿವೃತ್ತಿಗೆ ಆರು ತಿಂಗಳು ಉಳಿದಿತ್ತು. ಇಷ್ಟು ವರ್ಷದಲ್ಲಿ ಅವರ ಸಿದ್ಧಾಂತವನ್ನು ತುದಿಯಿಂದ ಬುಡದ ತನಕ ಕೇಳಿದ ಒಬ್ಬ ದೊಡ್ಡ ಮನುಷ್ಯನಿರಲಿಲ್ಲ. ಸಾಹೇಬರು ತಪಾಸಣೆಗೆ ಬಂದಾಗ ನರ್ಮದೆ ಮುಟ್ಟುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಯಾರೂ ಪೂರ್ತಿ ಕೇಳದೆಯೇ ನಾನು ಮನೆಗೆ ಹೋಗಿ ಕೂಡುವುದೇನು ಅನ್ನುವ ಚಿಂತೆ ಅವರನ್ನು ಹಿಡಿದಿತ್ತು. ಅಷ್ಟರಲ್ಲಿ ಸುತ್ತೋಲೆ ಬಂತು. ವಿಜಯಪುರದಲ್ಲಿ ಶಿಕ್ಷಕರ ಬೋಧನೋಪಕರಣಗಳ ಪ್ರದರ್ಶನ, ಪ್ರತಿಯೊಬ್ಬರಿಗೂ ತೀರ್ಪುಗಾರರ ಮುಂದೆ ಐದು ನಿಮಿಷ. ಮಾಸ್ತರರು ಆ ಕಾಗದವನ್ನು ಎರಡು ಸಲ ಓದಿ ಎದೆಯ ಕಿಸೆಯಲ್ಲಿ ಇಟ್ಟುಕೊಂಡರು.

ಮಾಡಬೇಕಾದ್ದು ಅವರಿಗೆ ಮೊದಲೇ ಗೊತ್ತಿತ್ತು. ವಿಜಾಪುರದ ಕೋಟೆ. ಗುಡ್ಡವಿಲ್ಲ, ಹೊಳೆಯಿಲ್ಲ, ಬಟಾಬಯಲಿನಲ್ಲಿ ಕಟ್ಟಿದ ಕೋಟೆ ಹೇಗೆ ಉಳಿಯಿತು ಅನ್ನುವುದೇ ಅವರ ನೆಚ್ಚಿನ ಪಾಠ. ಒಳಗೆ ತೊರವಿಯಿಂದ ಸುರಂಗದಲ್ಲಿ ಬಂದ ನೀರು, ಹೊರಗೆ ಬರೀ ಒಣ ನೆಲ. ಮುಘಲರ ದಂಡು ಬಂದಾಗ ಊರವರು ಮೊದಲು ತೋಪಿಗೆ ಕೈಹಾಕಲಿಲ್ಲ, ಸುತ್ತಲೂ ಎರಡು ಹರದಾರಿಯ ಬಾವಿಗಳನ್ನು ಮುಚ್ಚಿದರು, ಕೆರೆ ಒಡೆದರು. ಕುದುರೆ, ಆನೆ, ಸಿಪಾಯಿ ಎಲ್ಲ ನಾಲಗೆ ಚಾಚಿ ಬಂದ ದಾರಿ ಹಿಡಿದರು. ಮಾಸ್ತರರ ಪಾಠ ಇಲ್ಲಿಗೆ ಮುಗಿಯುತ್ತಿತ್ತು. ಇಪ್ಪತ್ತು ವರ್ಷದ ಮೇಲೆ ಅದೇ ದಂಡು ಮತ್ತೆ ಬಂದು ಊರು ಗೆದ್ದದ್ದು ಮುಂದಿನ ಪುಟದಲ್ಲಿತ್ತು. ಆ ಪುಟಕ್ಕೆ ಬರುವಾಗ ಅವರಿಗೆ ಪ್ರತಿವರ್ಷ ನೆಗಡಿಯಾಗುತ್ತಿತ್ತು.

ಕೋಟೆಗೆ ಮಣ್ಣು ಯಾವುದು? ಇಲ್ಲಿಯೇ ಅವರು ಎಡವಿದ್ದು. ಭೂಗೋಳವನ್ನು ಭೂಗೋಳದಿಂದಲೇ ಮಾಡಬೇಕು ಎಂದು ಹಟ ಹಿಡಿದು ಡೋಣಿ ಹೊಳೆಯ ದಂಡೆಯಿಂದ ಎರಡು ಚೀಲ ಕರಿ ಎರಿಮಣ್ಣು ತಂದರು. ಹಳೇ ಮಂಚದ ಹಲಗೆಯ ಮೇಲೆ ಕಟ್ಟಲು ಕೂತರು. ಗುರುಬಸವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ನೋಡಿದಳು.

"ಎರಿಮಣ್ಣಾಗ ಗೋಡಿ ಕಟ್ಟತಾರೇನ್ರೀ? ಒಣಗಿದರ ಸೀಳತೈತಿ, ತೊಯ್ದರ ಕುಸೀತೈತಿ. ಹುತ್ತಿನ ಮಣ್ಣ ತರ್ರಿ."

ಎರಿಮಣ್ಣಿನ ಗುಣಧರ್ಮ ಎಂಬ ಪಾಠವನ್ನು ನಾನು ಇಪ್ಪತ್ತಾರು ವರ್ಷ ಹೇಳಿದ್ದೇನೆ, ನನಗೆ ಹೇಳಬೇಡ ಅಂದರು ಮಾಸ್ತರರು. ಹೇಳಿದ್ದು ನಿಜ. ಕಟ್ಟಿದ್ದು ಮಾತ್ರ ಇದೇ ಮೊದಲು.

ಕೋಟೆ ಚೆಂದಾಗಿಯೇ ಎದ್ದಿತು. ಬುರುಜು, ಅಗಸೆ ಬಾಗಿಲು, ಕಂದಕ. ಒಳಗಿನ ಸೈನ್ಯಕ್ಕೆ ಕಡಲೆಕಾಳು, ಹೊರಗಿನ ವೈರಿಗೆ ಬಿಳಿಜೋಳ. ಮುನ್ನೂರು ಜೋಳ ಎಣಿಸಿ ಸಾಲುಸಾಲಾಗಿ ನಿಲ್ಲಿಸಿದರು. ಆದರೆ ಹೆಂಡತಿ ಹೇಳಿದ್ದು ಮಾರನೇ ದಿನವೇ ಕಾಣಿಸಿತು. ಬಿಸಿಲು ಬಿದ್ದರೆ ಗೋಡೆ ಬಾಯಿ ಬಿಡುತ್ತಿತ್ತು, ನೀರು ಹೆಚ್ಚಾದರೆ ಬುರುಜು ಕೂತುಬಿಡುತ್ತಿತ್ತು. ಗಳಿಗೆಗೊಮ್ಮೆ ಬೆರಳಿನಿಂದ ಚಿಮುಕಿಸುತ್ತ, ಅಲುಗಾಡದಂತೆ ಹಿಡಿದುಕೊಂಡೇ ಇರಬೇಕು. ಟಂಟಂ ಆಟೋದಲ್ಲಿ ಒಯ್ದು ನೋಡಿದರು. ಬಸ್‌ಸ್ಟ್ಯಾಂಡ್ ಮುಟ್ಟುವುದರೊಳಗೆ ಎರಡು ಬುರುಜು ಬಿದ್ದವು. ಮರಳಿ ಬಂದು ಕಟ್ಟಿದರು. ಕೊನೆಗೆ ಉಳಿದದ್ದು ಒಂದೇ ದಾರಿ. ಕೋಟೆ ತೊಡೆಯ ಮೇಲೆ ಕೂತು ಬಸ್ಸಿನಲ್ಲಿ ಹೋಗಬೇಕು. ಅದಕ್ಕೆ ಮಾಸ್ತರರು ಕೂಡಬೇಕು. ಅವರು ಕೂಡಬೇಕಾದರೆ ಬಾದಾಮಿ ಬೇಕು.

ಪ್ರದರ್ಶನದ ದಿನ ನಸುಕಿನಲ್ಲೇ ಎದ್ದು, ಬಬಲೇಶ್ವರದ ಕಡೆ ಹೊರಟ ಹಾಲಿನ ಗಾಡಿ ಹತ್ತಿದರು. ಲೆಕ್ಕಾಚಾರ ಹೀಗಿತ್ತು. ತಾವು ಮೇಲ್ದಂಡೆಗೆ ಹೋಗಿ ಸೀಟು ಹಿಡಿಯುವುದು, ತಿಕೋಟಾದಲ್ಲಿ ಗುರುಬಸವ್ವ ಕೋಟೆಯನ್ನು ಕಿಡಕಿಯಿಂದ ಕೊಡುವುದು.

ಎಲ್ಲ ಅಂದುಕೊಂಡಂತೆ ಆಯಿತು. ದುಂಡವ್ವ ಗಡಿಗೆ ಹೊತ್ತು ಬರುವಷ್ಟರಲ್ಲಿ ಮಾಸ್ತರರು ಬಾದಾಮಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಾಗಿತ್ತು. ಆಕೆ ಒಂದು ಗಳಿಗೆ ಅವರನ್ನೇ ನೋಡಿದಳು.

"ಕುಂದ್ರರಿ ಮಾಸ್ತರ, ಕುಂದ್ರರಿ. ಬೆವರ ಒರಸ್ಕೊಳ್ಳಾಕ ವಸ್ತ್ರ ತಂದೀರಿಲ್ಲ?"

ಸೋತವರು ಚುಚ್ಚಿ ಆಡುವ ಮಾತು ಇದು ಎಂದು ಮಾಸ್ತರರು ನಕ್ಕರು. ದುಂಡವ್ವ ಬಾಗಿಲ ಬದಿಯ ಸೀಟಿನಲ್ಲಿ, ಗಾಳಿಗೆ ಮುಖ ಕೊಟ್ಟು, ಗಡಿಗೆಗಳನ್ನು ಕಾಲ ಬುಡಕ್ಕೆ ಇಟ್ಟುಕೊಂಡು ಕೂತಳು. ಬಸ್ಸು ಹೊರಟು ಒಂದು ಮೈಲಿ ಹೋಗುವಷ್ಟರಲ್ಲಿ ವಸ್ತ್ರದ ಮಾತಿನ ಅರ್ಥ ಮಾಸ್ತರರಿಗೆ ತಳದಿಂದ ಏರತೊಡಗಿತು. ಇಂಜಿನ್ನಿನ ಕಾವೆಲ್ಲ ಹರಿದು ಬಂದು ಆ ಸೀಟಿನ ಕೆಳಗೆ ನಿಲ್ಲುತ್ತಿತ್ತು. ಸೀಟಲ್ಲ, ಒಲೆಯ ಮೇಲಿಟ್ಟ ಹಂಚು. ಒಮ್ಮೆ ಎಡಕ್ಕೆ ಸರಿದರು, ಒಮ್ಮೆ ಬಲಕ್ಕೆ. ಚಾಲುಕ್ಯರ ಕಾಲದಲ್ಲಿ ಬಾದಾಮಿಯೂ ಬೇಸಿಗೆಯಲ್ಲಿ ಹೀಗೇ ಇದ್ದಿರಬೇಕು ಎಂದು ಹಲ್ಲು ಕಚ್ಚಿ ಕೂತರು.

ತಿಕೋಟಾ ಬಂತು. ಗುರುಬಸವ್ವ ಸಿಂಬಿಯ ಮೇಲೆ ಹಲಗೆ ಹೊತ್ತು, ಅದರ ಮೇಲೆ ಹಸಿ ಗೋಣಿ ಹೊದಿಸಿ ನಿಂತಿದ್ದಳು. ಸುತ್ತಲೂ ಜನ.

"ಏನದು ಯಕ್ಕಾ ತಲಿ ಮ್ಯಾಲ?"

"ವಿಜಾಪುರ."

"ಎಲ್ಲಿಗೊಯ್ತಿ?"

"ವಿಜಾಪುರಕ್ಕ."

ಕೇಳಿದವನು ಹಿಂದೆ ಸರಿದು ದಾರಿ ಬಿಟ್ಟ.

ಮಾಸ್ತರರು ಕಿಡಕಿಯಿಂದ ಕೈ ಚಾಚಿದರು. ಗುರುಬಸವ್ವ ಹಲಗೆ ಎತ್ತಿದಳು. ಆಗ ಇಬ್ಬರಿಗೂ ಕಂಡಿತು, ಕಿಡಕಿಗೆ ಅಡ್ಡ ಸರಳು. ಮಾಸ್ತರರು ಸೀಟು ಅಳೆದಿದ್ದರು, ತಮ್ಮ ತೊಡೆ ಅಳೆದಿದ್ದರು, ಹಲಗೆಯನ್ನು ಮೂರು ಸಲ ಅಳೆದಿದ್ದರು. ಕಿಡಕಿ ಅಳೆದಿರಲಿಲ್ಲ.

ಈಗ ಉಳಿದದ್ದು ನರ್ಮದೆ. ಬಾಗಿಲಲ್ಲಿ ಹನ್ನೆರಡು ಮಂದಿ ಜೋತುಬಿದ್ದಿದ್ದರು. ಎದ್ದು ಹೋಗಿ ಕೋಟೆ ತರಬೇಕೆಂದರೆ ಬಾದಾಮಿ ಹೋಗುತ್ತದೆ, ಬಾದಾಮಿ ಹೋದರೆ ಕೋಟೆ ತಂದೂ ಉಪಯೋಗವಿಲ್ಲ. ಮಾಸ್ತರರು ಅರ್ಧ ಎದ್ದು ಅರ್ಧ ಕೂತು, ಎರಡೂ ಅಲ್ಲದ ಭಂಗಿಯಲ್ಲಿ ನಿಂತುಬಿಟ್ಟರು. ಡ್ರೈವರ್ ಹಾರ್ನ್ ಹೊಡೆದ. ಅಷ್ಟರಲ್ಲಿ ಬಾಗಿಲ ಬದಿಯಿಂದ ಎರಡು ಕೈ ಜನರ ತಲೆಯ ಮೇಲೆ ಹಾಯ್ದು ಹಲಗೆಯನ್ನು ಎತ್ತಿಕೊಂಡವು. ದಿನಾ ಗಡಿಗೆ ಏರಿಸಿ ಇಳಿಸಿದ ಕೈಗಳು. ಕೋಟೆ ದುಂಡವ್ವನ ತೊಡೆಯ ಮೇಲೆ ಹೋಗಿ ಕೂತಿತು. ಬಸ್ಸು ಹೊರಟಿತು.

ಹಲಗೆಯನ್ನು ಕೈಯಿಂದ ಕೈಗೆ ಮುಂದೆ ದಾಟಿಸಿರೆಂದು ಮಾಸ್ತರರು ಬೇಡಿಕೊಂಡರು. ಒಂದು ಬಿಳಿ ಟೊಪ್ಪಿಗೆಯ ಮೇಲೆ ಕಂದಕದ ನೀರು ಸೋರಿತು. ಆ ಟೊಪ್ಪಿಗೆಯ ಯಜಮಾನ ಹಲಗೆಯನ್ನು ಎತ್ತ ಬಂತೋ ಅತ್ತ ಕಳಿಸಿದ. ಹೀಗೆ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಮಾಸ್ತರರು ಕೂತಿದ್ದರು, ತೊಡೆ ಖಾಲಿಯಿತ್ತು, ತಳ ಸುಡುತ್ತಿತ್ತು, ಕೋಟೆ ವೈರಿಯ ವಶದಲ್ಲಿತ್ತು.

ಗೋಣಿ ಒಣಗುತ್ತ ಬಂತು. ಕುತ್ತಿಗೆ ಚಾಚಿ ನೋಡಿದರೆ ಪಡುವಣ ಗೋಡೆಯಲ್ಲಿ ಕೂದಲೆಳೆಯಂಥ ಗೆರೆ. ನೀರಿನ ಬಾಟಲಿ ತಮ್ಮ ಹತ್ತಿರವೇ ಇತ್ತು. ಕೋಟೆಗೆ ಮುಟ್ಟಿಸಿರೆಂದು ಹಿಂದಿನವನ ಕೈಗೆ ಕೊಟ್ಟರು. ಫೆಬ್ರುವರಿಯ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಹಿಂದಿನವನು ಒಂದು ಗುಟುಕು ಎತ್ತಿ ಕುಡಿದು ಅವನ ಹಿಂದಿನವನಿಗೆ ಕೊಟ್ಟ, ಅವನು ಎರಡು ಗುಟುಕು. ಮಾಸ್ತರರು ಕೂಗಿ ಹೇಳಿದರು, ಅದು ಕುಡಿಯುವ ನೀರಲ್ಲ, ಕೋಟೆಯ ನೀರು. ಒಬ್ಬ ಮುದುಕ ಒರೆಸಿಕೊಳ್ಳುತ್ತ, ಕುಡಿಯಲು ಚಲೋ ಐತಿ ಅಂದ. ಬಸ್ಸು ತೊರವಿ ದಾಟುವಾಗ ಬಾಟಲಿ ದುಂಡವ್ವನ ಕೈ ಸೇರಿತು. ತಿರುವಿ ಹಿಡಿದಳು, ಒಂದು ಹನಿಯೂ ಬೀಳಲಿಲ್ಲ. ಆದಿಲಶಾಹಿಗಳು ಊರಿಗೆ ನೀರು ತಂದದ್ದು ಇದೇ ತೊರವಿಯಿಂದ. ಮಾಸ್ತರರು ಕಣ್ಣು ಮುಚ್ಚಿಕೊಂಡರು.

ಆಗ ದುಂಡವ್ವ ಬಗ್ಗಿ ಒಂದು ಗಡಿಗೆಯ ಮುಚ್ಚಳ ತೆಗೆದಳು. ಬೆರಳದ್ದಿ ನೋಡಿದಳು. ಎರಡನೆಯದು, ಮೂರನೆಯದು, ನಾಲ್ಕನೆಯದು. ಆಮೇಲೆ ಬಸ್ಸಿಗೆಲ್ಲ ಕೇಳುವಂತೆ, ಸಿಟ್ಟಿಲ್ಲದೆ ಹೇಳಿದಳು.

"ಮಾಸ್ತರ, ನಸುಕಿನ್ಯಾಗ ಹೆಪ್ಪ ಹಾಕಿರತೇನಿ ನಾ. ಆ ಸೀಟಿನ ಕಾವಿಗೆ ಗೋಳಗುಮ್ಮಟ ಕಾಣೂದ್ರಾಗ ಮೊಸರ ಕಟ್ಟಿರತೈತಿ. ಇವತ್ತ ನೋಡ್ರಿ, ನಾಕೂ ಗಡಿಗಿ ನೀರು."

ಮಾಸ್ತರರ ಕೆಳಗೆ ಬಾದಾಮಿ ಇನ್ನಷ್ಟು ಸುಟ್ಟಿತು. ತಾವು ದುರ್ಗ ಅಂದುಕೊಂಡದ್ದು ಆಕೆಗೆ ಒಲೆಯಾಗಿತ್ತು. ಬೇರೆ ಯಾರಿಗೂ ಬೇಡವಾದ ಸೀಟು ಅದು. ಇಪ್ಪತ್ತಾರು ವರ್ಷದಲ್ಲಿ ಅದಕ್ಕೆ ಆಸೆಪಟ್ಟವರು ಇಬ್ಬರೇ, ಅವರಲ್ಲಿ ನೆಲ ಬಲ್ಲವಳು ಒಬ್ಬಳೇ.

ಮಾರಲು ಬಾರದ ಹಾಲಲ್ಲದ ಮೊಸರಲ್ಲದ ಆ ಬಿಳಿನೀರನ್ನು ದುಂಡವ್ವ ಬೊಗಸೆಯಲ್ಲಿ ತುಂಬಿ ಕೋಟೆಯ ಮೇಲೆ ಚಿಮುಕಿಸತೊಡಗಿದಳು. ಗೋಡೆಗೆ, ಬುರುಜಿಗೆ, ಕಂದಕಕ್ಕೆ, ಹೊರಗೆ ನಿಂತ ಮುನ್ನೂರು ಜೋಳಕ್ಕೆ. ಕೂಸಿಗೆ ಎರೆಯುವಾಗಿನ ಹಾಗೆ ಒಂದು ಕೈ ಅಡ್ಡ ಹಿಡಿದಿದ್ದಳು, ಅಗಸೆ ಬಾಗಿಲಿಗೆ ನೇರ ಬೀಳಬಾರದು ಅಂತ. ಸೊಲ್ಲಾಪುರ ರಸ್ತೆಯ ಬದಿಯಲ್ಲಿ ಬಸ್ಸು ನಿಂತಾಗ ವಿಜಾಪುರದ ಕೋಟೆ ಹುಳಿವಾಸನೆ ಬೀರುತ್ತ, ಸುಣ್ಣ ಬಳಿದಂತೆ ಬೆಳ್ಳಗೆ, ಇಡಿಯಾಗಿ ಇತ್ತು. ಇಬ್ಬರೂ ಒಂದೊಂದು ತುದಿ ಹಿಡಿದು ಪ್ರದರ್ಶನದ ಸಭಾಗೃಹಕ್ಕೆ ನಡೆದರು. ಗಡಿಗೆಗಳನ್ನು ಸಂಗನಬಸವ ಕಾಯುತ್ತೇನೆ ಅಂದ.

ಅಲ್ಲಿ ಇನ್ನೊಂದು ಭೂಗೋಳ. ಗೋಡೆಯ ಹತ್ತಿರದ ನೆರಳಿನ ಮೇಜುಗಳೆಲ್ಲ ಕರೆಂಟಿನ ಪ್ಲಗ್ ಬೇಕಾದವರಿಗೆ, ಅಂದರೆ ತಿರುಗುವ, ಮಿನುಗುವ, ನೀರೆತ್ತುವ ಮಾದರಿ ತಂದವರಿಗೆ. ಸುಮ್ಮನೆ ಕೂಡುವ ಮಾದರಿಗಳಿಗೆ ದೊಡ್ಡ ಕಿಡಕಿಯ ಮುಂದಿನ ಸಾಲು. ಕೋಟೆಯ ಮೇಲೆ ಹನ್ನೊಂದು ಗಂಟೆಯ ಬಿಸಿಲು ನೆಟ್ಟಗೆ ಬಿತ್ತು. ಮಾಸ್ತರರು ನೀರು ಹುಡುಕಲು ಹೊರಡಬೇಕು ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಸಭಾಗೃಹದ ಗಾಳಿಯಂತ್ರ, ಸೌರಮಂಡಲ, ಜ್ವಾಲಾಮುಖಿ ಎಲ್ಲ ನಿಂತವು. ತೀರ್ಪುಗಾರ್ತಿ ಸುಧಾರಾಣಿ ಮೇಡಂ ಇದ್ದಲ್ಲಿಂದ ಎದ್ದು, ಬೆಳಕು ಇರುವ ಕಡೆಯಿಂದಲೇ ಶುರು ಮಾಡೋಣ ಎಂದು ನೇರ ಮಾಸ್ತರರ ಮುಂದೆ ಬಂದು ನಿಂತರು.

ಐದು ನಿಮಿಷ. ಮಾಸ್ತರರು ಇಪ್ಪತ್ತಾರು ವರ್ಷದ ಉಸಿರು ಎಳೆದುಕೊಂಡು ಶುರು ಮಾಡಿದರು. ನರ್ಮದೆ, ಬಾದಾಮಿ, ಮಾನ್ಯಖೇಟ ಒಂದು ನಿಮಿಷದಲ್ಲಿ ದಾಟಿದವು. ವಿಜಾಪುರಕ್ಕೆ ಬಂದರು. ಆಗಲೇ ಚಿಟ್ ಅಂತ ಸದ್ದಾಯಿತು. ಕೋಟೆಯ ಹೊರಗಿನ ಬಯಲಿನಲ್ಲಿ ಒಂದು ಬಿರುಕು ಬಿಟ್ಟಿತು. ಅದಕ್ಕೆ ಇನ್ನೊಂದು ಕೂಡಿತು. ಎರಿಮಣ್ಣು ಬಾಯಿ ತೆರೆದು ಜೋಳದ ಸಾಲನ್ನು ಒಂದೊಂದಾಗಿ ಒಳಗೆ ತೆಗೆದುಕೊಳ್ಳತೊಡಗಿತು. ಎಡಪಡೆ ಹೋಯಿತು. ಬಲಪಡೆ ಹೋಯಿತು. ಮೇಡಂ ಬಗ್ಗಿ ನೋಡಿದರು.

"ಸರ್, ನಿಮ್ಮ ಶತ್ರು ಎಲ್ಲಿ ಹೋದರು?"

"ನೆಲಾ ನುಂಗಿತ್ರಿ ಮೇಡಂ," ಅಂದರು ಮಾಸ್ತರರು. ಇಡೀ ಸಿದ್ಧಾಂತ ಮೂರು ಮಾತಿನಲ್ಲಿ ಮುಗಿದಿತ್ತು, ಕೇಳಿದವರು ಕಣ್ಣಾರೆ ನೋಡಿಯೂ ಇದ್ದರು. ಮೇಡಂ ಹಾಳೆಯಲ್ಲಿ ಏನೋ ಬರೆದುಕೊಂಡರು. ಇಲ್ಲಿಗೇ ನಿಂತಿದ್ದರೆ ಮಾಸ್ತರರ ಬಾಳು ಸಾರ್ಥಕ.

ಬಿರುಕು ನಿಲ್ಲಲಿಲ್ಲ. ಕಂದಕ ದಾಟಿತು, ಅಗಸೆಯ ಕೆಳಗೆ ಹಾಯಿತು, ಪಡುವಣ ಗೋಡೆ ಏರಿತು. ಕೋಟೆ ರೊಟ್ಟಿ ಮುರಿದ ಹಾಗೆ ಎರಡು ತುಂಡಾಯಿತು. ಒಳಗಿನ ಕಡಲೆಗಳೂ ಉರುಳಿ ಬಿರುಕಿಗೆ ಬಿದ್ದವು. ಆಗ ಮಾತಾಡಿದವಳು ಕುರ್ಚಿಯ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ ದುಂಡವ್ವ.

"ಇವರೂ ಹ್ವಾದ್ರಲ್ರೀ ಮಾಸ್ತರ. ಹಂಗಾರ ನೆಲಾ ಯಾರ ಕಡೀದು?"

ಮಾಸ್ತರರಿಗೆ ನೆಗಡಿ ಬರಲಿಲ್ಲ. ಸುತ್ತ ನೋಡಿದರು, ಗಂಟೆಯೂ ಹೊಡೆಯಲಿಲ್ಲ. ತೀರ್ಪುಗಾರರಿಗೆ ಬೆನ್ನು ಮಾಡಿ, ದುಂಡವ್ವನ ಕಡೆ ತಿರುಗಿ, ಎಂದೂ ಹೇಳದ ಪುಟ ಹೇಳಿದರು. ಇಪ್ಪತ್ತು ವರ್ಷ ಬಿಟ್ಟು ದಂಡು ಮರಳಿ ಬಂತು, ವರ್ಷಕ್ಕೂ ಮೇಲೆ ಊರಿನ ಸುತ್ತ ಕೂತಿತು. ಆಗ ಬರ ಬಿದ್ದಿತ್ತು. ಹೊರಗಿನವರು ಸತ್ತರು, ಒಳಗಿನವರೂ ಉಪವಾಸ ಬಿದ್ದರು, ಕಡೆಗೆ ಬಾಗಿಲು ತೆರೆಯಿತು. ಮೊದಲ ಸಲ ಕಾಯ್ದ ಒಣ ನೆಲವೇ ಎರಡನೇ ಸಲ ಕೊಂದಿತು.

"ಅದು ಯಾರ ಕಡೀದೂ ಅಲ್ಲವ್ವಾ," ಅಂದರು. "ನಾನ ಇಷ್ಟ ದಿನ ನಮ್ಮ ಕಡೀದು ಅಂತ ಹೇಳಾಕತ್ತಿದ್ದೆ."

"ಅದನ್ನ ನಮ್ಮ ಹೊಲಾ ದಿನಾ ಹೇಳತೈತಿ," ಅಂದಳು ದುಂಡವ್ವ.

ಕರೆಂಟು ಸಂಜೆಯವರೆಗೆ ಬರಲಿಲ್ಲ. ಬಹುಮಾನದ ಪಟ್ಟಿ ಮಾತ್ರ ಹೊತ್ತಿಗೆ ಸರಿಯಾಗಿ ಬರಬೇಕಿತ್ತು. ಅದರಲ್ಲಿ 'ಚಲಿಸುವ ಮಾದರಿ' ಎಂಬ ಒಂದು ಕಾಲಂ. ತಂದಿದ್ದ ಹದಿನಾಲ್ಕು ಚಲಿಸುವ ಮಾದರಿಗಳಲ್ಲಿ ಒಂದೂ ಚಲಿಸಿರಲಿಲ್ಲ. ತೀರ್ಪುಗಾರರ ಕಣ್ಣೆದುರು ತನ್ನಷ್ಟಕ್ಕೆ ತಾನೇ ಚಲಿಸಿದ್ದು ಒಂದೇ. ಹೀಗೆ ಬಿದ್ದ ಕೋಟೆಗೆ ಪ್ರಥಮ ಬಹುಮಾನ ಬಂತು. ಇದು ಯಾವ ತತ್ತ್ವದ ಮೇಲೆ ಕೆಲಸ ಮಾಡುತ್ತದೆ ಎಂದು ಒಬ್ಬ ವಿಜ್ಞಾನದ ಮಾಸ್ತರ ಬಂದು ಮೆಲ್ಲಗೆ ಕೇಳಿದ. ಹೆಂಡತಿಯ ಮಾತು ಕೇಳದಿರುವ ತತ್ತ್ವ ಎಂದು ಸಿದ್ದಲಿಂಗೇಶ ಮಾಸ್ತರರು ಪ್ರಾಮಾಣಿಕವಾಗಿ ಉತ್ತರ ಕೊಟ್ಟರು.

ಸಂಜೆಯ ಬಸ್ಸು ವಿಜಯಪುರದಲ್ಲೇ ಹುಟ್ಟುವಂಥದ್ದು, ಖಾಲಿ ಬಂದು ನಿಂತಿತು. ದುಂಡವ್ವ ಅಭ್ಯಾಸಬಲದಿಂದ ಬಾದಾಮಿಯಲ್ಲಿ ಕೂತಳು. ಬಿಳಿನೀರು ಚೆಲ್ಲಿ ಖಾಲಿಯಾದ ಗಡಿಗೆ ಒಂದರ ಮೇಲೊಂದು ಕೂತಿದ್ದವು, ಮಗ್ಗುಲಲ್ಲಿ ಜಾಗ ಹರವಾಗಿತ್ತು. ಬರ್ರಿ ಎಂದು ಕೈ ತಟ್ಟಿ ತೋರಿಸಿದಳು. ಮಾಸ್ತರರು ಪ್ರಮಾಣಪತ್ರವನ್ನು ಆಕೆಯ ಕೈಗೆ ಕೊಟ್ಟರು, ಮುರಿದ ಕೋಟೆಯಿದ್ದ ಹಲಗೆಯನ್ನು ಹಾಗೇ ಸೀಟಿನ ಕೆಳಗೆ ಸರಿಸಿದರು, ತಾವು ಮೇಲಿನ ಸರಳು ಹಿಡಿದರು. ಬಸ್ಸೆಲ್ಲ ಖಾಲಿಯಿದ್ದರೂ ತಿಕೋಟಾದವರೆಗೆ ನಿಂತೇ ಬಂದರು. ತಳ ಇನ್ನೂ ಉರಿಯುತ್ತಿತ್ತು ಅನ್ನುವುದು ನಿಜ. ಆದರೆ ಅದೊಂದೇ ಕಾರಣವಲ್ಲ ಎಂದು ಸಂಗನಬಸವ ಇವತ್ತಿಗೂ ಹೇಳುತ್ತಾನೆ.

ಮಾರನೇ ದಿನದಿಂದ ನೆಗಡಿಯ ಪುಟ ಪಾಠಕ್ಕೆ ಬಂತು. ದುಂಡವ್ವನ ಮೊಸರು ಮತ್ತೆ ಗೋಳಗುಮ್ಮಟ ಕಾಣುವುದರೊಳಗೆ ಕಟ್ಟತೊಡಗಿತು. ಬಬಲೇಶ್ವರದಲ್ಲಿ ತಿಳಿಯದ ಯಾರಾದರೂ ಆ ಸೀಟಿನಲ್ಲಿ ಕೂತು ಬಂದಿದ್ದರೆ, ತಿಕೋಟಾದಲ್ಲಿ ಹತ್ತಿದ ಮಾಸ್ತರರು ಅವರ ತಲೆಯ ಮೇಲೆ ನಿಂತು ಚಾಲುಕ್ಯರ ಇತಿಹಾಸ ಶುರು ಮಾಡುತ್ತಿದ್ದರು. ಎರಡನೇ ಪುಲಕೇಶಿ ಬರುವಷ್ಟರಲ್ಲಿ ಸೀಟು ತೆರವಾಗುತ್ತಿತ್ತು.

ಹಲಗೆಯನ್ನು ಗುರುಬಸವ್ವ ಹಿತ್ತಲಲ್ಲಿ ಬಚ್ಚಲ ನೀರು ಹಾಯುವ ಕಡೆ ಒರಗಿಸದೆ ಹಾಗೇ ಚಪ್ಪಟೆ ಇಟ್ಟಿದ್ದಳು. ಎಂಟು ದಿನ ಯಾರೂ ಅತ್ತ ನೋಡಲಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಆಕೆ ಗಂಡನನ್ನು ಕೂಗಿ ಕರೆದಳು. ಎರಿಮಣ್ಣಿನ ಬಿರುಕುಗಳ ತುಂಬ ಹಸಿರು. ನೆಲ ನುಂಗಿದ್ದ ಮುನ್ನೂರು ಜೋಳ, ಮುರಿದ ಗೋಡೆಯ ಸುತ್ತ, ಬೆರಳುದ್ದ ಗರಿ ಬಿಟ್ಟು ಎದ್ದು ನಿಂತಿದ್ದವು. ಒಳಗೆ ಕಡಲೆಯೂ ಮೊಳೆತು ಎರಡೆರಡು ಎಲೆ ಬಿಟ್ಟಿತ್ತು, ಆದರೆ ಅವು ಕುಳ್ಳು, ಮತ್ತು ಕಡಿಮೆ.

ಮಾಸ್ತರರು ಮೊಣಕಾಲೂರಿ ಕೂತು ಬಹಳ ಹೊತ್ತು ನೋಡಿದರು. ದಂಡು ಮೂರನೇ ಸಲ ಬಂದಿತ್ತು. ಇದಕ್ಕೆ ಯಾವ ಪುಟದಲ್ಲೂ ಉಪಾಯವಿರಲಿಲ್ಲ. ಈಗ ಹೇಗೆ ಎಂದು ಹೆಂಡತಿಯನ್ನೇ ಕೇಳಿದರು, ಈ ಸಲ ಕೇಳಿದರು.

ಗುರುಬಸವ್ವ ಗೂಟದಿಂದ ಆಡು ಬಿಚ್ಚಿದಳು.